‘ರಿ’ ಬಂದ್

ಮಾದೇವಿ ಕರಿಮಡ್ಡಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ. ಮುಂಜಾನೆ ಹೊಲಕ್ಕೆ ಹೋಗಿ ಹೆಸರುಕಾಯಿ ಬಿಡಿಸುವಳು. ಸಭೆಯಿದ್ದ ದಿನ ಮಧ್ಯಾಹ್ನ ಕೈಕಾಲಿನ ಎರೆಮಣ್ಣು ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂಡುವಳು. ಮುಂಜಾನೆಯೆಲ್ಲ ಬಗ್ಗಿದ ಸೊಂಟಕ್ಕೆ ಸಭೆ ಒಳ್ಳೆಯ ಜಾಗ. ಆ ಕುರ್ಚಿಗೆ ಬೆನ್ನಿತ್ತು.

ಕುರ್ಚಿ ಅವಳದು, ಮಾತು ಉಪಾಧ್ಯಕ್ಷ ಕಾಶಿನಾಥಗೌಡನದು. ಆ ಸಲ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದಾಗ ಗೌಡ ಆಳು ಕಳಿಸಿ ಕೇರಿಯಲ್ಲೆಲ್ಲ ವಿಚಾರಿಸಿದ್ದ: ಅಂದದ್ದಕ್ಕೆಲ್ಲ ‘ಹೂಂನ್ರಿ’ ಅನ್ನುವ ಹೆಂಗಸು ಯಾರಿದ್ದಾಳೆ? ಕೊನೆಗೆ ತನ್ನ ಟ್ರ್ಯಾಕ್ಟರ್ ಹೊಡೆಯುವ ಹನಮಪ್ಪನ ಹೆಂಡತಿಯೇ ಸರಿ ಅನ್ನಿಸಿತು. ನಿಲ್ಲಿಸಿದ, ಗೆಲ್ಲಿಸಿದ. ಅವಳ ಮುಂದಿನ ಮೇಜಿನ ಮೇಲೆ ‘ಮಾನ್ಯ ಅಧ್ಯಕ್ಷರು’ ಎಂಬ ಫಲಕವಿತ್ತು. ಠರಾವು ಬರೆಯುವಾಗ ಪಿಡಿಓ ಸಾಹೇಬರು ‘ಮಾನ್ಯ ಅಧ್ಯಕ್ಷರಾದ ಶ್ರೀಮತಿ ಮಾದೇವಿಯವರು’ ಎಂದು ಬರೆಯುತ್ತಿದ್ದರು. ಬರೆದಾದ ಮೇಲೆ ತಲೆ ಎತ್ತಿ “ಏ ಮಾದೇವಿ, ಇಲ್ಲಿ ಸಹಿ ಮಾಡು” ಅನ್ನುತ್ತಿದ್ದರು.

ಶ್ರಾವಣದಲ್ಲಿ ಒಂದು ದಿನ ತಾಲೂಕಿನಿಂದ ಅಮೃತಾ ಎಂಬ ಅಧಿಕಾರಿ ಬಂದಳು. ಭಾಷಣದ ವಿಷಯ ‘ಮಹಿಳಾ ಸಬಲೀಕರಣ’. ಊರಲ್ಲಿ ಡಂಗುರ ಸಾರಿದವನು ಅದನ್ನು ‘ಮಹಿಳಾ ಸಂಬಳೀಕರಣ’ ಎಂದು ಸಾರಿದ್ದ. ಕೂಲಿ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದಿದ್ದರಿಂದ ಪಂಚಾಯ್ತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ನಿರ್ಣಯ ಪ್ರಕ್ರಿಯೆಯಲ್ಲಿ ಮಹಿಳೆಯರ ಸಕ್ರಿಯ ಪಾಲ್ಗೊಳ್ಳುವಿಕೆ ಅತ್ಯವಶ್ಯಕ” ಎಂದಳು ಅಮೃತಾ.

ದರ್ಗಾ ಓಣಿಯ ಮಾಬುಬಿ, ಮಾದೇವಿಯ ಜತೆಗೇ ಕೂಲಿಗೆ ಹೋಗುವವಳು, ಮುಂದೆ ಬಾಗಿ ಮೆಲ್ಲಗೆ ಕೇಳಿದಳು: “ಸಂಬಳಾ ಯಾವಾಗಂತ?”

“ಇನ್ನೂ ಆ ಮಾತಿಗೆ ಬಂದಿಲ್ಲ, ತಡಿ” ಎಂದಳು ಮಾದೇವಿ.

ಭಾಷಣ ಮುಗಿಯಿತು, ಸಂಬಳ ಬರಲಿಲ್ಲ. ಅಮೃತಾ ನೀರು ಕುಡಿದಳು. ಕಾಶಿನಾಥಗೌಡ ಕಾಲ ಮೇಲೆ ಕಾಲು ಹಾಕಿಕೊಂಡು, ಅಧ್ಯಕ್ಷರ ಕುರ್ಚಿಯ ಕಡೆ ನೋಡದೆಯೇ ಅಂದ:

“ಏ ಮಾದೇವಿ, ಮೇಡಂಗ ಚಾ ತಗೊಂಬಾ ಹೋಗಲೇ.”

ಮಾದೇವಿಯ ಕಾಲು ಎದ್ದವು. ತಲೆಯನ್ನು ಕೇಳದೆಯೇ ಎದ್ದವು. ಹುಟ್ಟಿದಾಗಿನಿಂದ ಆ ದನಿಗೆ ಎದ್ದು ರೂಢಿಯಾದ ಕಾಲು. ಊರ ಹೆಂಗಸರೆಲ್ಲ ನೋಡುತ್ತಿದ್ದಂತೆ ಅಧ್ಯಕ್ಷೆ ಮೇಜು ಸುತ್ತಿಕೊಂಡು ಹೊರಗೆ ಹೋದಳು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಬಾಜೂದ ಅಂಗಡಿಯಲ್ಲಿ ಚಹಾ ಕುದಿಯುತ್ತಿತ್ತು. ಮಾದೇವಿ ಅಲ್ಲಿ ನಿಂತು ತನ್ನ ಕಾಲುಗಳನ್ನು ನೋಡಿಕೊಂಡಳು. ಸಿಟ್ಟು ಬಂತು. ಮೊದಲು ಬಂದದ್ದು ಕಾಲಿನ ಮೇಲೆಯೇ. “ನಿಮ್ಮನ್ನ ಯಾರು ಏಳ ಅಂದಿದ್ರು?” ಎಂದು ಕೇಳಿದಳು. ಅಂಗಡಿಯವನು ತನಗೇ ಅಂದಳೆಂದು ಗಡಬಡಿಸಿ ಎದ್ದು ನಿಂತ.

ಅವಳು ಚಹಾ ತಂದಳು. ಅಮೃತಾಗೆ ಕೊಟ್ಟಳು, ಪಿಡಿಓಗೆ ಕೊಟ್ಟಳು, ಸದಸ್ಯರಿಗೆ ಕೊಟ್ಟಳು. ತನಗೊಂದು ಕಪ್ಪು ಇಟ್ಟುಕೊಂಡು ಕುರ್ಚಿಗೆ ಬೆನ್ನು ಹಚ್ಚಿ ಕೂತಳು. ತಟ್ಟೆಯಲ್ಲಿ ಉಳಿದ ಕಪ್ಪನ್ನು ಮೇಜಿನ ಮೇಲಿಂದ ಮುಂದೆ ನೂಕಿದಳು.

“ಕಾಶಿನಾಥಾ, ತಗೋ. ಆರೂದ್ರಾಗ ಕುಡಿಯಲೇ.”

ಪಿಡಿಓ ಸಾಹೇಬರ ಚಹಾ ಮೂಗಿಗೆ ಹತ್ತಿತು. ಕಾಶಿನಾಥಗೌಡ ಹಿಂದಕ್ಕೆ ತಿರುಗಿ ನೋಡಿದ. ಬೇರೆ ಯಾರಾದರೂ ಕಾಶಿನಾಥ ಇದ್ದಾನೇನೋ ಎಂದು. ಹಿಂದೆ ಗೋಡೆಯಿತ್ತು.

“ಯಾರಿಗಂದಿಲೇ?”

“ನಿನಗ. ಗ್ವಾಡಿ ಚಾ ಕುಡೀತೈತೇನು?”

ಗೌಡ ಎದ್ದ. ಕುರ್ಚಿ ಬಿತ್ತು. “ಸೊಕ್ಕ ಬಂತಲೇ ನಿನಗ!” ಎಂದು ಕೂಗಿದ. ಮಾದೇವಿ ಒಂದು ಗುಟುಕು ಕುಡಿದಳು. ಆಮೇಲೆ ಅಂದಳು: “ನೀ ‘ಲೇ’ ಅಂದಿ. ಪ್ರೀತಿಲಿಂದ ಅಂದಿರಬೇಕಂತ ತಿಳದೆ. ನಾನೂ ಪ್ರೀತಿಲಿಂದ ಅಂದೆ.”

ಅಮೃತಾ ಕಪ್ಪು ಕೆಳಗಿಟ್ಟಳು. “ಅಧ್ಯಕ್ಷರೇ, ಸಭೆ ಮುಂದುವರಿಸೋಣವೇ?” ಎಂದಳು. ಇಷ್ಟು ಹೊತ್ತು ಅವಳಾಡಿದ ಕನ್ನಡದಲ್ಲಿ ಕೂಲಿ ಹೆಂಗಸರಿಗೆ ಪೂರಾ ತಿಳಿದದ್ದು ಇದೊಂದೇ ಮಾತು.

ಹೊತ್ತು ಮುಳುಗುವುದರೊಳಗೆ ಹನಮಪ್ಪನ ಕೆಲಸ ಹೋಯಿತು. ಟ್ರ್ಯಾಕ್ಟರ್ ಕೀಲಿಕೈ ಕಸಿದುಕೊಂಡು ಕಳಿಸಿದ್ದರು. ಮನೆಗೆ ಬಂದವನೇ ಹೊಸ್ತಿಲ ಮೇಲೆ ಕುಸಿದು ಕೂತ.

“ಒಂದ ‘ಲೇ’ದಾಗ ಕೆಲಸಾ ಹೋತು ಬೇ! ಒಂದ ‘ಲೇ’ದಾಗ!”

“ಅವ ನಿಮಗ ದಿನಾ ಅಂತಿದ್ನಲ್ರಿ. ಅಷ್ಟ ವರ್ಷ ಅಂದ, ಅವನ್ದ ಒಂದ ಕೂದಲಾ ಕೊಂಕಲಿಲ್ಲ. ನಾ ಒಮ್ಮೆ ಅಂದೆ, ಕುರ್ಚಿ ಬಿತ್ತು, ಕೆಲಸಾ ಹೋತು. ಯಾರ ‘ಲೇ’ ಗಟ್ಟಿ ಐತಿ ಹೇಳ್ರಿ?”

ಹನಮಪ್ಪನಿಗೆ ಅಳು ಬರಬೇಕಾಗಿತ್ತು, ನಗು ಬಂತು. ನಕ್ಕದ್ದಕ್ಕೆ ಸಿಟ್ಟು ಬಂದು ಉಣ್ಣದೆ ಮಲಗಿದ.

ಮರುದಿನ ಗೌಡನ ಹೊಲದಲ್ಲಿ ಹೆಸರು ಬಿಡಿಸುವ ಕೆಲಸ ಸುರುವಾಗಬೇಕಿತ್ತು. ಹೆಂಗಸರು ಹೋದರು. ಬದುವಿನ ಮೇಲೆ ನಿಂತ ಗೌಡ ಮಾದೇವಿಯನ್ನು ಕಂಡು “ಇಕಿ ಒಬ್ಬಾಕಿ ಬ್ಯಾಡ, ಉಳಿದಾವರು ಇಳೀರಿ” ಎಂದ. ಎಲ್ಲರಿಗಿಂತ ಮುಂದೆ ಇದ್ದವಳು ಮುದುಕಿ ಶಿವಗಂಗವ್ವ. ಅವಳು ಇಳಿಯಲಿಲ್ಲ. ಕುಡುಗೋಲಿನಂತೆ ಬಾಗಿದ ಬೆನ್ನು ಅವಳದು, ಮುಖ ಎತ್ತಬೇಕೆಂದರೆ ಸೊಂಟದ ಮೇಲೆ ಕೈಯಿಡಬೇಕು. ಕೈಯಿಟ್ಟು ಮುಖ ಎತ್ತಿದಳು.

“ಇವನ ಹೇಲಬಟ್ಟಿ ಒಗದೀನಿ ನಾ. ಮಾತ ಕಲ್ತಾಗ ಮೊದಲ ‘ಅವ್ವಾ’ ಅಂದ ಅವರವ್ವಗ. ಎರಡನೇ ಮಾತ ‘ಲೇ’ ಅಂದ ನನಗ. ಅವತ್ತಿಂದ ಇವಗ ‘ರಿ’ ಹಚ್ಚಾಕತ್ತೀನಿ. ನಾಲಿಗಿ ಸವದೈತಿ. ಮಾದೇವಿ ಬರದಿದ್ರ ನಾನೂ ಒಲ್ಲೆ.”

“ನಮ್ಮ ಮನ್ಯಾಗ ಮಾತಿಗೊಮ್ಮೆ ‘ಆಪ್’ ಅಂತಾರ” ಎಂದಳು ಮಾಬುಬಿ. “ಹೊಡಿಯೂ ಮುಂದೂ ‘ಆಪ್’ ಅಂತ ಹೊಡೀತಾರ. ಆದ್ರ ಹೊಲದಾಗ ಹೊಡತಾನೂ ಇಲ್ಲ, ‘ಆಪ್’ನೂ ಇಲ್ಲ, ಬರೇ ‘ಲೇ’. ನಾನೂ ಒಲ್ಲೆ.”

ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಅಲ್ಲೇ ಕಾಯ್ದೆಯಾಯಿತು. ‘ರಿ’ ಕೊಟ್ಟವರಿಗೆ ‘ರಿ’. ‘ಲೇ’ ಕೊಟ್ಟವರಿಗೆ ‘ಲೇ’. ‘ರಿ’ ಹಚ್ಚಿ ಕರೆಯದವರ ಹೊಲಕ್ಕೆ ಯಾರೂ ಇಳಿಯುವಂತಿಲ್ಲ. ‘ಬೇ’ ನಡೆಯುತ್ತದೆ, ಅದು ನಮ್ಮ ನಮ್ಮೊಳಗಿನ ಮಾತು, ಅವ್ವ-ಅಕ್ಕಂದಿರು ಅನ್ನುವ ಮಾತು. ಗೌಡ ‘ಬೇ’ ಅಂದರೆ? ಹೆಂಗಸರು ಯೋಚಿಸಿದರು. “ಅವಗ ‘ಬೇ’ ಅನ್ನೂದು ಗೊತ್ತಿಲ್ಲ, ಬಿಡು” ಎಂದಳು ಶಿವಗಂಗವ್ವ.

ಊರಿಗೆ ಅದು ‘ರಿ ಬಂದ್’ ಎಂದು ಗೊತ್ತಾಯಿತು.

ಗೌಡನ ಕಡೆಯವರು ಸುಮ್ಮನೆ ಕೂಡಲಿಲ್ಲ. ಹಿಟ್ಟಿನ ಗಿರಣಿ ಗೌಡನ ತಮ್ಮನದು. ಕೇರಿಯವರು ಜೋಳ ಹೊತ್ತುಕೊಂಡು ಹೋದರೆ “ಗಿರಣಿ ಕೆಟ್ಟೈತಿ” ಎಂದ. ಹೆಂಗಸರು ಜೋಳದ ಚೀಲ ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ಮೊರಬಕ್ಕೆ ಹೋದರು. ಬರುವಾಗ ಬಸ್ಸು ಸಿಗದೆ ಹಿಟ್ಟು ಹೊತ್ತು ನಡೆದು ಬಂದರು. ಶಿವಗಂಗವ್ವನ ಬಾಗಿದ ಬೆನ್ನಿಗೆ ಚೀಲ ಕಟ್ಟಬೇಕಾಯಿತು. ಕೆಟ್ಟ ಗಿರಣಿ ಆ ದಿನವೆಲ್ಲ ಊರಿಗೆ ಹಿಟ್ಟು ಬೀಸಿತು. ಕೇರಿಗೆ ಅದರ ಗಡಗಡ ಸದ್ದು ಕೇಳುತ್ತಿತ್ತು.

ಮಾದೇವಿ ತಲೆಯ ಮೇಲೆ ಹಿಟ್ಟು ಹೊತ್ತೇ ಪಂಚಾಯ್ತಿಗೆ ನಡೆದಳು. ಪಿಡಿಓ ಸಾಹೇಬರ ಮುಂದೆ ಕೂತಳು.

“ಗಿರಣಿ ಕೆಟ್ಟೈತಂತ್ರಿ. ಕೆಟ್ಟ ಗಿರಣಿಗೆ ಪಂಚಾಯ್ತಿ ಲೈಸನ್ಸ್ ಯಾಕ ಬೇಕು? ಒಂದ ನೋಟೀಸ್ ಬರೀರಿ. ನಿಮ್ಮ ಆ ಭಾರಿ ಕನ್ನಡದಾಗ ಬರೀರಿ, ‘ಸದರಿ’ ಜಗ್ಗಿ ಹಾಕ್ರಿ.”

ಸಾಹೇಬರು ಬಾಗಿಲ ಕಡೆ ನೋಡಿದರು. ಗೌಡ ಇರಲಿಲ್ಲ. ಎದುರಿಗೆ ಅಧ್ಯಕ್ಷೆ ಇದ್ದಳು. ಬರೆದರು. ‘ಸದರಿ ಗಿರಣಿಯು ಕೆಟ್ಟಿರುವುದಾಗಿ ತಾವೇ ತಿಳಿಸಿರುವುದರಿಂದ ಸದರಿ ಗಿರಣಿಯ ಸದರಿ ಪರವಾನಗಿಯನ್ನು ಏಕೆ ರದ್ದುಪಡಿಸಬಾರದು’ ಎಂದು. ಮಾದೇವಿ ಓದಿಸಿ ಕೇಳಿದಳು. “ಅವಗೂ ‘ತಾವು’ ಅಂದೀರಿ. ಇರಲಿ. ಲೈಸನ್ಸ್ ಕಸಿಯೂ ಮುಂದ ಮರ್ಯಾದಿ ಇರಬೇಕು.” ಸಹಿ ಮಾಡಿದಳು.

ಗಿರಣಿ ಅಂದು ಸಂಜೆಯೇ ರಿಪೇರಿಯಾಯಿತು.

ಅಷ್ಟರಲ್ಲಿ ಊರ ಗಂಡಸರು ಹೊಸ ಕನ್ನಡ ಕಲಿತಿದ್ದರು. ‘ಬಾ’ ಅಂದರೆ ತಿರುಗಿ ‘ಬಾ’ ಅನ್ನಿಸಿಕೊಳ್ಳಬೇಕು, ‘ಬರ್ರಿ’ ಅನ್ನಲು ಬಾಯಿ ಬಾರದು. ಹಾಗಾಗಿ ಯಾರಿಗೂ ಅನ್ನದಂತೆ ಅನ್ನತೊಡಗಿದರು. “ಊಟಾ ಆತೇನು?” “ಹೊಲಕ್ಕ ಹೋಗೂದೇನು?” “ಈ ಕಡೆ ಸರಿಯೂದು.” ಯಾರು ಸರಿಯುವುದು ಎಂದು ಗೊತ್ತಾಗದೆ ಒಂದು ಸಲ ಎಮ್ಮೆ ಸರಿಯಿತು. ಕಾಶಿನಾಥಗೌಡ ಪಂಚಾಯ್ತಿಯಲ್ಲಿ ಫ್ಯಾನಿನ ಕಡೆ ಮುಖ ಮಾಡಿ “ಒಂದ ಸಹಿ ಆಗಬೇಕಿತ್ತು” ಎಂದ. ಮಾದೇವಿಯೂ ಫ್ಯಾನಿನ ಕಡೆ ನೋಡಿದಳು. “ಫ್ಯಾನಿಗೆ ಹೇಳಿದ್ರ ಫ್ಯಾನ ಮಾಡಲಿ” ಎಂದಳು.

ಇದು ಹೀಗೇ ನಡೆದರೆ ಊರ ಮಾನ ಉಳಿಯುವುದಿಲ್ಲವೆಂದು ಹಿರಿಯರು ಕಟ್ಟೆಗೆ ಸೇರಿದರು. ಮಾದೇವಿಯನ್ನು ಕರೆಸಿದರು. ಹನಮಪ್ಪ ಬೇಡವೆಂದ, ಅವಳು ಹೋದಳು. ಅವನೂ ಬೈಯುತ್ತ ಹಿಂದೆ ಹೋಗಿ ಅವಳ ಬಾಜೂಕ್ಕೆ ನಿಂತ. ಹಿರಿಯರ ಪರವಾಗಿ ಈರಪ್ಪ ಮಾತಾಡಿದ. ಅವನದೂ ಹೆಸರಿನ ಹೊಲ ಒಣಗಿ ಕೊಯ್ಲಿಗೆ ಬಂದಿತ್ತು, ಜೀವ ಅಲ್ಲಿತ್ತು.

“ಮಾದೇವಿ, ದೊಡ್ಡವರ ಮುಂದ ಸಣ್ಣ ಆಗೂದ್ರಾಗ ತಪ್ಪಿಲ್ಲ. ತಪ್ಪಾತು ಅನ್ನು.”

“‘ಅನ್ನು’ ಅಂದ್ರ ಅನ್ನೂದಿಲ್ಲ.”

“ಮತ್ತ ಏನನ್ನಬೇಕು?”

“‘ಅನ್ರಿ’ ಅಂತ ಅನ್ರಿ. ವಿಚಾರ ಮಾಡ್ತೀನಿ.”

ಹಿರಿಯರು ಗುಸುಗುಸು ಮಾತಾಡಿಕೊಂಡರು. ಒಂದು ‘ರಿ’ಯಲ್ಲಿ ಜಗಳ ಮುಗಿಯುವುದಾದರೆ ಹೋಗಲಿ ಎಂದಿತು ಕಟ್ಟೆ. ಈರಪ್ಪ ಗಂಟಲು ಸರಿಮಾಡಿಕೊಂಡು, ಬೇವಿನ ಕಷಾಯ ಕುಡಿದವನಂತೆ ಮುಖ ಮಾಡಿ ಅಂದ: “ತಪ್ಪಾತು ಅನ್…ರಿ.”

“ನೀವು ಮರ್ಯಾದಿಲೆ ಕೇಳಿದ್ರಿ. ಮರ್ಯಾದಿ ಕೊಟ್ಟವರಿಗೆ ನಾ ಎಂದೂ ‘ಲೇ’ ಅಂದಿಲ್ರಿ. ಹಂಗಾರ ನಂದ ತಪ್ಪ ಎಲ್ಲೈತ್ರಿ?”

ಹನಮಪ್ಪ ಕೆಮ್ಮಿದ. ಕೆಮ್ಮಿನೊಳಗೆ ನಗುವಿತ್ತು.

ಮರುದಿನ ಹೊತ್ತು ಹುಟ್ಟುವ ಮುಂಚೆ ಈರಪ್ಪ ಕೇರಿಗೆ ಬಂದ. ಊರ ನಾಟಕದಲ್ಲಿ ಮಂತ್ರಿಯ ಪಾತ್ರ ಮಾಡಿದವನು ಅವನು. ಶಿವಗಂಗವ್ವನ ಗುಡಿಸಲ ಮುಂದೆ ನಿಂತು ಕೈ ಮುಗಿದ. “ಶಿವಗಂಗವ್ವನವರೇ, ತಾವೆಲ್ಲರೂ ಈ ಸೇವಕನ ಹೊಲಕ್ಕೆ ದಯಮಾಡಿಸಬೇಕು!”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟ ಬ್ಯಾಡ್ರಿ ಈರಪ್ಪನೋರ” ಎಂದಳು ಶಿವಗಂಗವ್ವ. “ನಮಗ ರೂಢಿಲ್ಲ, ಅಜೀರ್ಣ ಆಗತೈತಿ. ಒಂದ ‘ರಿ’ ಸಾಕ್ರಿ.” ಹೋದರು, ಎರಡು ದಿನದಲ್ಲಿ ಬಿಡಿಸಿ ಕೊಟ್ಟರು. ಸಣ್ಣ ರೈತರೆಲ್ಲ ಒಬ್ಬೊಬ್ಬರಾಗಿ ಬಂದರು. ಬೆಳೆ ಹಣ್ಣಾದಾಗ ಬಾಯಿ ಮೆತ್ತಗಾಗುತ್ತದೆ.

ಉಳಿದದ್ದು ಗೌಡನ ಹೊಲ. ಊರಲ್ಲೇ ದೊಡ್ಡದು. ಅವನು ನವಲಗುಂದದಿಂದ ಕಟಾವಿನ ಮಷಿನ್ ತರಿಸಿದ. ಹಿಂದಿನ ದಿನ ಸಣ್ಣ ಮಳೆಯಾಗಿತ್ತು. ಮಷಿನ್ ಹೊಲಕ್ಕಿಳಿದು ನಾಲ್ಕು ಮಾರು ಹೋಗಿ ಎರೆಮಣ್ಣಿನಲ್ಲಿ ಹೊಟ್ಟೆಯತನಕ ಹೂತಿತು. ಅದನ್ನು ಎಳೆಯಲು ಹೋದ ಟ್ರ್ಯಾಕ್ಟರ್ ಅದರ ಬಾಜೂಕ್ಕೇ ಹೂತಿತು. ಅದನ್ನು ಹೊಡೆಯುತ್ತಿದ್ದವನು ಹೊಸಬ. ಹನಮಪ್ಪ ದೂರದ ರಸ್ತೆಯ ಮೇಲೆ ನಿಂತು ಬೀಡಿ ಸೇದುತ್ತ ಪೂರಾ ನೋಡಿದ.

ಮೋಡ ಕಪ್ಪಾಯಿತು. ಇನ್ನೊಂದು ಮಳೆ ಬಿದ್ದರೆ ಕಾಯಿ ಗಿಡದಲ್ಲೇ ಮೊಳೆಯುತ್ತವೆ.

ಮಧ್ಯಾಹ್ನ ಕೇರಿಗೆ ಬಂದವಳು ಅನ್ನವ್ವ, ಗೌಡನ ಹೆಂಡತಿ. ತಲೆಯ ಮೇಲೆ ಸೆರಗು, ಕಾಲಲ್ಲಿ ಕೆಸರು. ಮಾದೇವಿಯ ಮನೆಯ ಕಟ್ಟೆಯ ಮೇಲೆ ಸೇರಿದ್ದ ಕೂಲಿ ಹೆಂಗಸರ ನಡುವೆ ಕೂತಳು. ಅವಳು ಅಲ್ಲಿ ಕೂತದ್ದೇ ಒಂದು ಸುದ್ದಿ.

“ಮಾದೇವಿ ಅವರ, ನಾ ಕರೀತೀನಿ. ಎಲ್ಲಾರೂ ಬರ್ರಿ. ಬೆಳಿ ಹೋಗತೈತಿ.”

ಮಾದೇವಿ ನೀರು ಕೊಟ್ಟಳು. ಅನ್ನವ್ವ ಚರಿಗೆ ಇಸಿದುಕೊಂಡು ಕುಡಿದಳು.

“ನೀವು ಎಂದೂ ನಮಗ ‘ಲೇ’ ಅಂದಿಲ್ರಿ ಅಕ್ಕಾರ. ಬಾಯಿ ಸಾಲ ಇರೂದು ನಿಮ್ಮನ್ಯಾವರ್ದು. ಅವರ ಬರಬೇಕ್ರಿ.”

“ಅವರೇನ ಕರೀತಾರ ನಿಮ್ಮನ್ನ? ನನ್ನನ್ನ ಕರದಿಲ್ಲ. ಮದುವಿ ಆದಾಗಿಂದ ‘ಏ’ ಅಂತಾರ, ‘ಇಕಿನ’ ಅಂತಾರ. ನಾ ಅನ್ನವ್ವ ಅನ್ನೂದು ನನಗ ವೋಟಿನ ದಿನಾ ಅಷ್ಟ ನೆನಪಾಗತೈತಿ.” ಅನ್ನವ್ವ ಕಾಲು ಮಡಚಿ ಗಟ್ಟಿಯಾಗಿ ಕೂತಳು. “ಆತು. ನಾನೂ ಇಲ್ಲೇ ಕುಂದರತೀನಿ. ಕರದ್ರ ಏಳತೀನಿ.”

ಹಸಿದ ಗೌಡ ಹೆಂಡತಿಯನ್ನು ಹುಡುಕಿಕೊಂಡು ಬಂದ. ಹುಟ್ಟಿದೂರಲ್ಲಿ ಆ ಓಣಿಗೆ ವೋಟು ಕೇಳಲು ಬಿಟ್ಟರೆ ಎಂದೂ ಬಂದವನಲ್ಲ. ಓಣಿಯ ಬಾಯಲ್ಲಿ ನಿಂತು “ಏ!” ಎಂದ.

ಕಟ್ಟೆಯ ಮೇಲೆ ಯಾರೂ ಮಿಸುಕಲಿಲ್ಲ. ಒಂದು ನಾಯಿ ಎದ್ದು ಬಾಲ ಅಲ್ಲಾಡಿಸಿತು.

“ಏ, ಇಕಿನ!”

ಅನ್ನವ್ವ ಆ ಕಡೆ ಈ ಕಡೆ ನೋಡಿದಳು. “ಯಾರನ್ನೋ ಕರೀತಾರ ನೋಡವಾ” ಎಂದಳು ಮಾಬುಬಿಗೆ.

ಗುಡುಗಿತು. ಗೌಡ ಮೋಡ ನೋಡಿದ, ಹೆಂಗಸರನ್ನು ನೋಡಿದ. ಬಾಯಿ ಎರಡು ಸಲ ತೆರೆದು ಮುಚ್ಚಿತು.

“ಅನ್ನವ್ವಾ… ಬಾ, ಮನಿಗೆ ಹೋಗೂಣು. ಮತ್ತ… ಬರ್ರಿ. ಹೆಸರ ಬಿಡಸಾಕ ಬರ್ರಿ.”

ಅನ್ನವ್ವ ಎದ್ದಳು. ತನ್ನ ಹೆಸರು ಆ ದನಿಯಲ್ಲಿ ಹೇಗೆ ಕೇಳುತ್ತದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಕಣ್ಣು ಒರೆಸಿಕೊಂಡಳು. ಆದರೆ ಮಿಕ್ಕವರು ಏಳಲಿಲ್ಲ. ಕಟ್ಟೆಯ ಮೇಲೆ ವಾದ ಹತ್ತಿತ್ತು.

“‘ಬರ್ರಿ’ ಅಂದ್ನಲ್ಲ, ನಡೀರಿ.”

“ಅದು ಗುಂಪಿಗೆ ಅಂದದ್ದು ಬೇ. ದನದ ಹಿಂಡಿಗೂ ‘ಬರ್ರಿ’ ಅಂತಾರ. ಅದು ಮಂದಿ ‘ರಿ’, ಮರ್ಯಾದಿ ‘ರಿ’ ಅಲ್ಲ.”

“ಹಂಗಾರ ಒಬ್ಬೊಬ್ಬರನ್ನ ಕರೀಲಿ” ಎಂದಳು ಮಾದೇವಿ. “ಹೆಸರ ಹಿಡದು.”

ಗೌಡ ಮುಂದಿದ್ದವಳ ಮುಖ ನೋಡಿದ. ತನ್ನ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮುದುಕಿಯಾದವಳು. ‘ಏ ಮುದಿಕಿ’ ಎಂದಷ್ಟೇ ಗೊತ್ತು. ಅವಳ ಹಿಂದಿನವಳು ‘ಆ ಸಾಬರಾಕಿ’. ಅದರ ಹಿಂದಿನವಳು ‘ಗಿಡ್ಡಿ’. ಇಷ್ಟು ವರ್ಷ ಹೆಸರು ಬಿಡಿಸಿದವರಲ್ಲಿ ಮಾದೇವಿಯೊಬ್ಬಳನ್ನು ಬಿಟ್ಟು ಒಬ್ಬಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅವಳ ಹೆಸರೂ ಗೊತ್ತಿದ್ದದ್ದು ಸಹಿಯ ಕೆಲಸಕ್ಕೆ.

ದೊಡ್ಡ ಹನಿಯೊಂದು ಅವನ ಮೂಗಿನ ಮೇಲೆ ಬಿತ್ತು.

“ನಿಮ್… ನಿಮ್ಮ ಹೆಸರೇನ್ರಿ?” ಎಂದು ಶಿವಗಂಗವ್ವನನ್ನು ಕೇಳಿದ.

ಮುದುಕಿ ಸೊಂಟದ ಮೇಲೆ ಕೈಯಿಟ್ಟು ಮುಖ ಎತ್ತಿದಳು. “ಶಿವಗಂಗವ್ವ ಅಂತಾರ್ರಿ” ಎಂದಳು. ಅಂದವಳೇ ಎದ್ದಳು. ಗೌಡ ಒಬ್ಬೊಬ್ಬಳ ಮುಂದೆ ನಿಂತು ಕೇಳುತ್ತ ಹೋದ. ಒಬ್ಬೊಬ್ಬಳೇ ಹೇಳಿ ಏಳುತ್ತ ಹೋದಳು. ಮಾಬುಬಿ ಮಾತ್ರ ಕಿವಿ ಕೇಳದವಳಂತೆ ಮಾಡಿ ಎರಡು ಸಲ ಕೇಳಿಸಿಕೊಂಡಳು.

ಹೊಲದಲ್ಲಿ ಎಲ್ಲರೂ ಸಾಲು ಹಿಡಿದು ಬಗ್ಗಿದರು. ಅನ್ನವ್ವ ಮನೆಗೆ ಹೋಗದೆ ಸೀರೆ ಕಚ್ಚೆ ಕಟ್ಟಿ ತಾನೂ ಒಂದು ಸಾಲು ಹಿಡಿದಳು. ಬೆರಳು ನೋಡದೆಯೇ ಕಾಯಿ ಹುಡುಕುತ್ತಿದ್ದವು, ಉಡಿ ತುಂಬುತ್ತಿದ್ದವು. ಗಾಳಿ ಬೀಸಿತು. ಹನಿ ದಪ್ಪವಾದವು. ಬದುವಿನ ಮೇಲೆ ನಿಂತ ಗೌಡನಿಗೆ ಜೀವ ತಡೆಯಲಿಲ್ಲ. ಇಷ್ಟು ದಿನ ಹಿಡಿದದ್ದು ಬಾಯಿಂದ ಹಾರಿತು.

“ಏ ಮಾದೇವಿ, ಮಳಿ ಬಂತು, ಲಗೂ ಲಗೂ ಬಿಡಸಲೇ…”

ಬಗ್ಗಿದ್ದ ಬೆನ್ನುಗಳೆಲ್ಲ ಒಮ್ಮೆಗೇ ನೆಟ್ಟಗಾದವು. ಗೌಡನ ಬಾಯಿ ತೆರೆದೇ ಇತ್ತು. ಅದರೊಳಗೆ ಮಳೆ ಬೀಳುತ್ತಿತ್ತು.

“…ರಿ!” ಎಂದ.

ಮೊದಲು ನಕ್ಕವಳು ಅನ್ನವ್ವ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮಾದೇವಿ ನಗಲಿಲ್ಲ. ಕೈಯಲ್ಲಿದ್ದ ಕಾಯಿಗಳನ್ನು ಉಡಿಗೆ ಹಾಕಿಕೊಂಡು ಬದುವಿನ ಕಡೆ ನೋಡಿದಳು.

“ಅರ್ಧಾ ಬಂದೈತಿ” ಎಂದಳು ಹೆಂಗಸರಿಗೆ. “ನಾವೂ ಅರ್ಧಾ ಬಿಡಸೂಣು.”

ಮಳೆ ಜೋರಾಯಿತು. ಹೆಂಗಸರು ಬಗ್ಗಿ, ಒಂದು ಸಾಲು ಬಿಟ್ಟು ಒಂದು ಸಾಲು ಬಿಡಿಸುತ್ತ ಮುಂದೆ ಹೋದರು.